ವರ್ನೀತಾಳ ಬೆನ್ನುಡಿ

ನನ್ನ ಮೇಜಿನ ಹತ್ತಿರ ಬಂದ ಹೆಂಗಸು ಪುಸ್ತಕ ಕೈಗೆತ್ತಿಕೊಂಡರೆ ಮೊದಲನೇ ಪುಟ ತೆಗೆಯೋದಿಲ್ಲ. ತಿರುಗಿಸಿ ಬೆನ್ನುಡಿ ನೋಡ್ತಾಳೆ. ಬರೆದವನ ಫೋಟೋ ಹೇಗಿದೆ, ಯಾವ ಓಣಿಯವನು, ಎಷ್ಟು ವರ್ಷ ಜೈಲಲ್ಲಿದ್ದ. ಅದು ಹಿಡಿಸಿದರೆ ಪರ್ಸಿಗೆ ಕೈ ಹಾಕ್ತಾಳೆ. ಹಿಡಿಸದಿದ್ದರೆ "ಹೂಂ, ಇವನಿಗೇನು ಗೊತ್ತು ಮಣ್ಣು" ಅಂತ ಮೂಗು ಮುರಿದು ವಾಪಸ್ ಇಡ್ತಾಳೆ. ನೆವಾರ್ಕಿನ ಬ್ರಾಡ್ ಸ್ಟ್ರೀಟಿನಲ್ಲಿ, ಸಾಕ್ಸು ಮಾರೋನಿಗೂ ಊದುಬತ್ತಿ ಮಾರೋನಿಗೂ ನಡುವೆ ಮೇಜು ಹಾಕ್ಕೊಂಡು ಕೂತಿರೋಳು ನಾನು, ಒಡೆಸಾ ಪ್ರುಯಿಟ್. ದೊಡ್ಡ ಅಂಗಡಿಯವರು ಇಂಥ ಪುಸ್ತಕಗಳನ್ನ ಮುಟ್ಟದೇ ಇದ್ದ ಕಾಲದಿಂದಲೂ ಮಾರ್ತಿದ್ದೀನಿ. ನಮ್ಮ ಕಪ್ಪು ಜನರ ಬೀದಿಯ ಕಥೆ, ನಮ್ಮವರೇ ಬರೆದಿದ್ದು, ನಮ್ಮವರೇ ಅಚ್ಚು ಹಾಕಿಸಿ ಕಾರಿನ ಡಿಕ್ಕಿಯಲ್ಲಿ ತಂದು ಇಳಿಸಿದ್ದು. ಬರೆದವರಲ್ಲಿ ಮುಕ್ಕಾಲು ಜನ ಜೈಲಲ್ಲಿ ಕೂತು ಬರೆದವರು. ನಮ್ಮ ಈ ವ್ಯಾಪಾರದಲ್ಲಿ ಅದೇ ಡಿಗ್ರಿ.

ವರ್ನೀತಾ ಬಾಯ್ಕಿನ್‌ಗೆ ಆ ಡಿಗ್ರಿ ಇರಲಿಲ್ಲ. ಅವಳು ಸರ್ಕಾರಿ ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ಬೆಳಗಾದರೆ ನಾನೂರು ಮಕ್ಕಳಿಗೆ ಜೋಳದ ನುಚ್ಚಿನ ಗಂಜಿ ತಿರುವೋದು, ಮಧ್ಯಾಹ್ನ ಪಾತ್ರೆ ತಿಕ್ಕಿಸೋದು. ಭಾನುವಾರ ಚರ್ಚಿನಲ್ಲಿ ಬಿಳೀ ಕೈಗವಸು ಹಾಕ್ಕೊಂಡು ಬಾಗಿಲಲ್ಲಿ ನೆಟ್ಟಗೆ ನಿಂತು, ಬಂದವರನ್ನ ಬೆಂಚಿಗೆ ಕರ್ಕೊಂಡು ಹೋಗಿ ಕೂರಿಸೋಳು. ಟಿಕೆಟ್ ಇಲ್ಲದೆ ಬಸ್ಸು ಹತ್ತಿದವಳೂ ಅಲ್ಲ. ಅವಳ ತಂಗಿ ಡೆನೀಸ್ ಮಾತ್ರ ಬೇರೆ ದಾರಿ ಹಿಡಿದಳು. ಡ್ರಗ್ಸ್ ತಗೊಂಡು ತಗೊಂಡು ಒಂದು ಪಾಳು ಕಟ್ಟಡದಲ್ಲಿ ಸತ್ತುಬಿದ್ದಿದ್ದಳು. ಬಿಟ್ಟುಹೋಗಿದ್ದು ಒಂದೇ ಒಂದು ಕೂಸು, ಕಿಯೋನಾ. ಇನ್ನೂ ನಡಿಗೆ ಕಲೀತಿದ್ದ ಆ ಕೂಸನ್ನ ವರ್ನೀತಾ ಮನೆಗೆ ತಂದುಕೊಂಡಳು. ಮಗು ಅವಳನ್ನೇ ಮಮ್ಮಿ ಅಂತು.

ತಂದುಕೊಂಡ ಮಾತ್ರಕ್ಕೆ ಮಗು ನಿಮ್ಮದಾಗೋದಿಲ್ಲ. ಮಕ್ಕಳ ಇಲಾಖೆ ಅಂತ ಒಂದಿದೆ. ನಾಲ್ಕು ವರ್ಷ ಸಾಕಿದ ಮೇಲೂ ಅವರ ಲೆಕ್ಕದಲ್ಲಿ ಕಿಯೋನಾ ಸರ್ಕಾರದ ಮಗು, ವರ್ನೀತಾ ಸುಮ್ಮನೆ ಸಾಕೋಳು. ಕಾನೂನಿನ ಪ್ರಕಾರ ದತ್ತು ತಗೋಬೇಕು ಅಂದರೆ ಮಗುವಿಗೆ ಅದರದೇ ಕೋಣೆ ಇರಬೇಕು ಅಂದರು. ವರ್ನೀತಾಳದ್ದು ಒಂದೇ ಕೋಣೆಯ ಮನೆ. "ದೊಡ್ಡ ಮನೆ ಆಗದಿದ್ರೆ ಊರಾಚೆ ಒಂದು ದಂಪತಿ ಇದ್ದಾರೆ, ಒಳ್ಳೇ ಜನ, ಹೆಣ್ಣುಮಗು ಬೇಕು ಅಂತ ಕಾಯ್ತಿದ್ದಾರೆ" ಅಂತ ಬೇರೆ ಕಿವಿಗೆ ಹಾಕಿದ್ದರು. ಅವತ್ತು ನನ್ನ ಮೇಜಿನ ಹತ್ತಿರ ಬಂದು ಕೂತವಳ ಮುಖ ನೋಡೋಕಾಗಲಿಲ್ಲ ನನಗೆ.

"ಒಡೆಸಕ್ಕ, ಈ ಪುಸ್ತಕಗಳು ನಿಜವಾಗ್ಲೂ ಖರ್ಚಾಗ್ತವಾ?"

"ನೋಡ್ತಾ ಇಲ್ವೇನೇ, ಬಿಸಿ ದೋಸೆ ಥರ ಹೋಗ್ತವೆ."

"ನಾನೂ ಒಂದು ಬರೆದ್ರೆ?"

ನಾನು ನಕ್ಕುಬಿಟ್ಟೆ. "ನೀನೇನು ಬರೀತೀಯೇ, ಗಂಜಿ ಬೇಯಿಸೋದು ಹೇಗೆ ಅಂತಲಾ?"

ಅವಳು ಬರೆದದ್ದು ಅದನ್ನೇ! ಶಾಲೆ ಬಿಟ್ಟ ಮೇಲೆ ಅಡುಗೆಮನೆಯ ಸ್ಟೀಲ್ ಮೇಜಿನ ಮೇಲೆ ಕೂತು ಚಳಿಗಾಲ ಪೂರ್ತಿ ಬರೆದಳು. ಕಥೆಯಲ್ಲಿ ಒಬ್ಬಳು ಹೆಂಗಸು, ಹೆಸರು ಪೆಪ್ಪರ್. ಅಜ್ಜಿಯ ಹಳೇ ಪಾತ್ರೆಯಲ್ಲಿ ಕೊಕೇನ್ ಬೇಯಿಸಿ ಇಡೀ ಓಣಿಗೆ ಹಂಚ್ತಾಳೆ, ಕೊನೆಗೆ ಸ್ವಂತ ತಂಗಿಯನ್ನೇ ಕೊಲ್ತಾಳೆ. ಉರಿ ಎಷ್ಟಿರಬೇಕು, ಸೌಟು ಹೇಗೆ ಆಡಿಸಬೇಕು, ತಳ ಹಿಡೀತು ಅಂತ ವಾಸನೆಯಲ್ಲೇ ಹೇಗೆ ತಿಳೀಬೇಕು, ಎಲ್ಲ ಗಂಜಿಯದ್ದು. ಗಂಜಿ ತೆಗೆದು ಅಲ್ಲಿ ಕೊಕೇನ್ ಅಂತ ಹಾಕಿದ್ದಳು, ಅಷ್ಟೇ. ಓದ್ತಾ ಓದ್ತಾ ನನ್ನ ಮೈ ಜುಂ ಅಂತು. ತಂಗಿ ಸಾಯೋ ಕಡೆ ನಾನು ಅತ್ತುಬಿಟ್ಟೆ. ಅದು ಡೆನೀಸ್ ಅಂತ ನನಗೆ ಗೊತ್ತಿತ್ತಲ್ಲ. ತಂಗಿಯನ್ನ ಉಳಿಸಿಕೊಳ್ಳಲಿಲ್ಲ ಅನ್ನೋ ಸಂಕಟಕ್ಕೆ, ಕೊಂದವಳೇ ತಾನು ಅನ್ನೋ ಹಾಗೆ ಬರೆದಿದ್ದಳು ಹುಚ್ಚಿ. ಪುಸ್ತಕದ ಹೆಸರು 'ಒಲೆ ಆರಿಸಬೇಡ'.

ಅದನ್ನ ರಶಾನ್ ಟ್ರಿಬಲ್‌ಗೆ ಕೊಟ್ಟೆ. ರಶಾನ್ ಎಂಟು ವರ್ಷ ಜೈಲಲ್ಲಿದ್ದು ಬಂದು, ಅವರಮ್ಮನ ಗ್ಯಾರೇಜಿನಲ್ಲಿ ಪ್ರಕಾಶನ ಶುರು ಮಾಡಿದ ಹುಡುಗ. ಹುಡುಗ ಏನು ಬಂತು, ನಲವತ್ತಾಗಿದೆ, ನನ್ನ ಕಣ್ಣಿಗೆ ಹುಡುಗ. ಮಾತು ಜಾಸ್ತಿ, ಮೋಸ ಇಲ್ಲ. ಓದಿ ಮುಗಿಸಿದವನೇ ಓಡಿಬಂದ.

"ಮಿಸ್ ಒಡೆಸಾ, ಯಾರು ಈ ಹೆಂಗಸು? ಎಲ್ಲಿ ಬೇಯಿಸ್ತಿದ್ರು?"

"ಶಾಲೇಲಿ."

"ಅಬ್ಬಾ! ಶಾಲೇಲೇನಾ? ಎಂಥ ಧೈರ್ಯ ರೀ!"

ಮೀನು ಕರಿಯೋ ಅಂಗಡಿಯಲ್ಲಿ ಮೂರೂ ಜನ ಕೂತೆವು. ವರ್ನೀತಾ ಚರ್ಚಿನ ಟೋಪಿ ಹಾಕ್ಕೊಂಡು ಬಂದಿದ್ದಳು. ರಶಾನ್ ಟೋಪಿ ನೋಡಿದ, ನನ್ನ ಮುಖ ನೋಡಿದ.

"ಎಷ್ಟು ವರ್ಷ ಒಳಗಿದ್ರಿ ಮೇಡಂ?"

"ಯಾವುದರ ಒಳಗೆ?"

"ಜೈಲಲ್ಲಿ."

"ಅಯ್ಯೋ ನನ್ನಪ್ಪಾ! ನಾನ್ಯಾಕೆ ಹೋಗ್ಲಿ?"

"ಹೋಗಿದ್ರೆ ಚೆನ್ನಾಗಿರ್ತಿತ್ತು" ಅಂದ ರಶಾನ್. ತಮಾಷೆಗಲ್ಲ, ನಿಜವಾಗಿಯೂ ಬೇಜಾರಾಗಿತ್ತು ಅವನಿಗೆ. "ನೋಡಿ, ಪುಸ್ತಕ ಬೆಂಕಿ. ಆದ್ರೆ ಹಿಂದೆ ಏನಂತ ಹಾಕ್ಲಿ? 'ಇವರು ಶಾಲೆಯಲ್ಲಿ ಗಂಜಿ ಮಾಡ್ತಾರೆ' ಅಂತಲಾ? ಜನ ಮುಖಕ್ಕೆ ಉಗೀತಾರೆ. ಒಂದು ಐದು ವರ್ಷ ಹಾಕೋಣ. ಐದೇ. ಯಾರು ಕೇಳ್ತಾರೆ?"

ವರ್ನೀತಾ ದಡ್ಡಿ ಅಲ್ಲ. "ಬೇಡಪ್ಪ" ಅಂದಳು. "ಇಲಾಖೆಯೋರು ನನ್ನ ಹತ್ತೂ ಬೆರಳಿನ ಗುರುತು ತಗೊಂಡಿದ್ದಾರೆ. ಜೈಲು ಅಂತ ಹಾಕಿ, ನಾಳೆ ಅವರ ಕಣ್ಣಿಗೆ ಬಿದ್ರೆ ಸುಳ್ಳು ಹೇಳಿದ್ಯಾ ಅಂತ ಕೇಳ್ತಾರೆ. ನನ್ನ ಮಗು ವಿಷಯ ಇದು. ಜೈಲಿನ ಸುದ್ದಿ ಮಾತ್ರ ಎತ್ತಬೇಡ."

ರಶಾನ್ ಮೀನಿನ ಮುಳ್ಳು ಬಿಡಿಸ್ತಾ ಯೋಚನೆ ಮಾಡಿದ. ಆಮೇಲೆ ಮುಖ ಅರಳಿತು. "ಹಾಗಾದ್ರೆ ನೀವು ಸಿಕ್ಕೇ ಬೀಳಲಿಲ್ಲ! ಮುಗೀತಲ್ಲ. ಸಿಕ್ಕಿಬೀಳದೋರಿಗೆ ದಾಖಲೆ ಎಲ್ಲಿರತ್ತೆ? ಸುಳ್ಳು ಅಂತ ತೋರ್ಸೋಕೆ ಯಾರಪ್ಪನ ಕೈಲೂ ಆಗಲ್ಲ."

ಮೂವರಿಗೂ ಅದು ಭಲೇ ಉಪಾಯ ಅನ್ನಿಸಿತು. ಹೆಸರು ಹೇಗೂ ಬೇರೆ ಹಾಕ್ತಾರೆ, ಮಿಸ್ ಪೆಪ್ಪರ್ ಅಂತ. ಫೋಟೋಗೆ ನನ್ನ ನಕಲಿ ತುಪ್ಪಳದ ಕೋಟು, ಕಣ್ಣಿಗೆ ದೊಡ್ಡ ಕಪ್ಪು ಕನ್ನಡಕ, ಹಿಂದೆ ರಶಾನ್ ಕಾರು. ವರ್ನೀತಾಗೆ ನಗು ತಡೆಯೋಕಾಗದೆ ಹಲ್ಲೆಲ್ಲ ಬಿಟ್ಟು ನಕ್ಕಿದ್ದಳು. ಬೆನ್ನುಡಿ ಹೀಗಿತ್ತು: "ಇದು ಕಟ್ಟುಕಥೆಯಲ್ಲ. ಈ ಪಾತ್ರೆಯಲ್ಲಿ ಕೈಯಾಡಿಸಿದವಳು ನಾನೇ. ಪೊಲೀಸರಿಗೆ ಒಂದು ಸಲವೂ ಸಿಗಲಿಲ್ಲ."

ಪುಸ್ತಕ ಹೋಯಿತು ನೋಡಿ! ಬ್ಯೂಟಿ ಪಾರ್ಲರುಗಳಲ್ಲಿ ಒಂದೇ ಪ್ರತಿ ಹತ್ತು ಕೈ ದಾಟಿತು. ಬೇಸಿಗೆ ಮುಗಿಯೋದರೊಳಗೆ ವರ್ನೀತಾ ಎರಡು ಕೋಣೆಯ ಮನೆ ಹಿಡಿದಳು. ಕಿಯೋನಾ ತನ್ನ ಕೋಣೆಗೆ ನೇರಳೆ ಬಣ್ಣವೇ ಬೇಕು ಅಂತ ಹಟ ಹಿಡಿದು, ನಾವಿಬ್ಬರೂ ಏಣಿ ಹತ್ತಿ ಬಳಿದೆವು. ನನ್ನ ಸೊಂಟ ಹಿಡ್ಕೊಂಡು ವಾರ ಎದ್ದಿರಲಿಲ್ಲ. ಇಲಾಖೆಯಿಂದ ಹೊಸ ಹುಡುಗಿ ಬಂದು ಕೋಣೆ ನೋಡಿ, "ಎಷ್ಟು ಚೆನ್ನಾಗಿದೆ ಆಂಟಿ" ಅಂತ ಹೇಳಿಹೋಗಿದ್ದಳು. ಕೋರ್ಟಿನಲ್ಲಿ ಒಂದು ರುಜು ಬಿದ್ದರೆ ಮಗು ಅವಳದ್ದು. ವರ್ನೀತಾ ಆ ದಿನಕ್ಕೆ ಅಂತ ತನಗೂ ಮಗುವಿಗೂ ಒಂದೇ ಬಟ್ಟೆಯಲ್ಲಿ ಫ್ರಾಕು ಹೊಲಿಸೋಕೆ ಕೊಟ್ಟಿದ್ದಳು.

ಆ ಇಲಾಖೆಯ ಹುಡುಗಿ ಹೆಸರು ಟಿಸ್ಡೇಲ್. ನಮ್ಮ ಪೈಕಿಯೇ, ಕಾಲೇಜು ಓದಿದ ಹುಡುಗಿ, ಒಳ್ಳೇ ಹುಡುಗಿ. ಊಟದ ಹೊತ್ತಿಗೆ ನನ್ನ ಮೇಜಿಗೆ ಬಂದು ತಿಂಗಳಿಗೆ ಎರಡು ಮೂರು ಪುಸ್ತಕ ತಗೊಳ್ಳೋಳು. ಆಕೆ ಯಾರ ಯಾರ ಮನೆಯ ಫೈಲು ಹೊತ್ತು ತಿರುಗ್ತಾಳೆ ಅಂತ ನನಗೇನು ಕನಸು ಬಿದ್ದಿತ್ತಾ? ಒಂದು ದಿನ 'ಒಲೆ ಆರಿಸಬೇಡ' ತಗೊಂಡು ಹೋದಳು. ರೈಲಿನಲ್ಲಿ ಓದಿದಳಂತೆ, ತನ್ನ ನಿಲ್ದಾಣ ದಾಟಿಹೋದರೂ ಗೊತ್ತಾಗಲಿಲ್ಲವಂತೆ. ಮುಗಿಸಿ, ಇಂಥದ್ದನ್ನ ಬದುಕಿ ಬಂದವಳು ಹೇಗಿದ್ದಾಳೆ ಅಂತ ತಿರುಗಿಸಿ ಫೋಟೋ ನೋಡಿದಳು. ವರ್ನೀತಾಗೆ ಮುಂದಿನ ಎರಡು ಹಲ್ಲಿನ ನಡುವೆ ಸಂದು. ಕಪ್ಪು ಕನ್ನಡಕ ಕಣ್ಣು ಮುಚ್ಚತ್ತೆ, ಹಲ್ಲು ಮುಚ್ಚತ್ತಾ?

ಮಾರನೇ ದಿನವೇ ಟಿಸ್ಡೇಲ್ ವರ್ನೀತಾಳ ಮನೆ ಬಾಗಿಲು ತಟ್ಟಿದಳು. ಜೊತೆಗೆ ಇನ್ನೊಬ್ಬ ಆಫೀಸರು. ಚೀಲದಿಂದ ಪುಸ್ತಕ ತೆಗೆದಳು. ವರ್ನೀತಾ ಮೊದಲು ನಾಚಿಕೆಯಿಂದ ನಕ್ಕಳಂತೆ.

"ಅಯ್ಯೋ, ಅದು ಬರೀ ಕಥೆ ಕಣಮ್ಮ. ಚರ್ಚಿನೋರಿಗೆ ಹೇಳಬೇಡ ಮತ್ತೆ."

"ಕಥೆ ಆಗಿದ್ರೆ ಎಷ್ಟೋ ಚೆನ್ನಾಗಿತ್ತು ಆಂಟಿ" ಅಂದಳಂತೆ ಟಿಸ್ಡೇಲ್. ಕಣ್ಣಲ್ಲಿ ನೀರು. "ಇಷ್ಟು ಸರಿಯಾಗಿ ಯಾರಿಗೂ ಕಲ್ಪಿಸ್ಕೊಳ್ಳೋಕೆ ಆಗಲ್ಲ."

ನಾನು ಸಾವಿರಾರು ಓದುಗರನ್ನ ನೋಡಿದ್ದೀನಿ, ಇದಕ್ಕಿಂತ ದೊಡ್ಡ ಹೊಗಳಿಕೆ ಯಾವ ಬರಹಗಾರನಿಗೂ ಸಿಕ್ಕಿದ್ದು ಕೇಳಿಲ್ಲ. ಆ ಹೊಗಳಿಕೆಯ ಜೊತೆಗೇ ಕಿಯೋನಾಳ ಬಟ್ಟೆಯನ್ನ ಒಂದು ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಮಗುವನ್ನ ಊರಾಚೆಯ ದಂಪತಿ ಮನೆಗೆ ಕರ್ಕೊಂಡು ಹೋದರು. ಮಗು ಕಾರಿನ ಹಿಂದಿನ ಗಾಜಿಗೆ ಎರಡೂ ಅಂಗೈ ಒತ್ತಿ ಕಿರುಚ್ತಿತ್ತು ಅಂತ ಪಕ್ಕದ ಮನೆಯವರು ಹೇಳಿದರು. ವರ್ನೀತಾ ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು, ನಾನು ಹೋಗಿ ಎಬ್ಬಿಸಬೇಕಾಯಿತು.

ಕೋರ್ಟಿನಲ್ಲಿ ಮಗುವಿನ ಪರವಾಗಿ ಅಂತ ಒಬ್ಬ ವಕೀಲ ಇದ್ದ. ಸಣ್ಣ ದನಿಯ ಮನುಷ್ಯ. ಪುಸ್ತಕದಿಂದ ಒಂದು ಪುಟ ಓದಿದ, ಸೌಟು ಆಡಿಸೋ ಪುಟ.

"ಇದು ನಿಮಗೆ ಹೇಗೆ ಗೊತ್ತಾಯ್ತು ಮೇಡಂ?"

"ಗಂಜಿ ಸ್ವಾಮಿ. ನಾನು ದಿನಾ ಗಂಜಿ ತಿರುವ್ತೀನಿ."

ಯಾರೋ ಹಿಂದೆ ಕಿಸಕ್ಕಂದರು. ವಕೀಲ ಬೆನ್ನುಡಿ ಓದಿದ. "ಇದನ್ನ ಅಚ್ಚಿಗೆ ಹೋಗೋ ಮುಂಚೆ ನೋಡಿದ್ರಾ?"

"ನೋಡಿದ್ದೆ."

"ಒಪ್ಪಿದ್ರಾ?"

"ಒಪ್ಪಿದ್ದೆ. ಎಲ್ಲರ ಪುಸ್ತಕದ ಮೇಲೂ ಹಾಗೇ ಹಾಕ್ತಾರೆ ಸ್ವಾಮಿ. ಹಾಗೆ ಹಾಕದಿದ್ರೆ ಯಾರೂ ಕೊಳ್ಳಲ್ಲ."

"ಅಂದ್ರೆ, ನೀವು ಇದನ್ನ ಮಾಡಿಲ್ಲ ಅಂತ ತೋರಿಸೋಕೆ ನಿಮ್ಮ ಹತ್ರ ಏನಿದೆ?"

ಏನಿದೆ? ಹೇಳಿ ನೋಡೋಣ! ಪೊಲೀಸ್ ದಾಖಲೆ ಖಾಲಿ ಇದೆ ಅಂತ ನಮ್ಮ ವಕೀಲ ಎದ್ದು ನಿಂತ. "ಖಾಲಿ ಇರಲೇಬೇಕಲ್ಲ" ಅಂತ ಆ ವಕೀಲ ಬೆನ್ನುಡಿಯ ಕೊನೇ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ. ಜೈಲು ಅಂತ ಬರೆದಿದ್ದರೆ ಒಂದು ಫೋನಿನಲ್ಲಿ ಸುಳ್ಳು ಅಂತ ಗೊತ್ತಾಗಿ, ಬೈಸಿಕೊಂಡು ಮನೆಗೆ ಬರ್ತಿದ್ದಳು. ಅವಳ ಜಾಣತನವೇ ಅವಳ ಕುತ್ತಿಗೆಗೆ ಬಂತಲ್ಲ.

ರಶಾನ್ ಬಂದ. ಬರೋದಿಲ್ಲ ಅಂದ್ಕೊಂಡಿದ್ದೆ. ಬಂದರೆ ಅವನ ಪ್ರಕಾಶನದ ಮರ್ಯಾದೆಯೇ ಹೋಗತ್ತೆ, ಒಂದು ಬೆನ್ನುಡಿ ಸುಳ್ಳು ಅಂದರೆ ಜನ ಎಲ್ಲ ಬೆನ್ನುಡಿಯೂ ಸುಳ್ಳು ಅಂತಾರೆ. ಆದರೂ ಹೊಸ ಸೂಟು ಹಾಕ್ಕೊಂಡು ಬಂದು, ಪ್ರಮಾಣ ಮಾಡಿ, ನೇರವಾಗಿ ಹೇಳಿದ: "ಆ ಸಾಲು ಬರೆದಿದ್ದು ನಾನು. ಪೂರ್ತಿ ಸುಳ್ಳು. ಈಯಮ್ಮ ಇರುವೆಯನ್ನೂ ತುಳಿದೋರಲ್ಲ. ಮಾರಾಟ ಆಗಲಿ ಅಂತ ಹಾಕ್ದೆ."

"ಮಾರಾಟಕ್ಕೆ ಸುಳ್ಳು ಹೇಳ್ತೀರಿ" ಅಂದ ವಕೀಲ.

"ಹೇಳ್ದೆ."

"ಈಗ ಈ ಮೇಡಂ ಎರಡನೇ ಪುಸ್ತಕ ಕೊಡಬೇಕಲ್ವಾ ನಿಮಗೆ?"

"ಹೂಂ" ಅಂದ ರಶಾನ್. ಆಮೇಲೆ ಅವನ ಎಂಟು ವರ್ಷದ ಜೈಲಿನ ಕಾಗದ ತೆಗೆದರು. ಜೀವಮಾನದಲ್ಲಿ ಅಷ್ಟು ನಿಜ ಅವನು ಯಾವತ್ತೂ ಆಡಿರಲಿಲ್ಲ, ಒಬ್ಬರೂ ನಂಬಲಿಲ್ಲ. ಜಡ್ಜಮ್ಮ ಕೆಟ್ಟವಳೇನಲ್ಲ, ದಣಿದವಳು. "ಈ ಪುಸ್ತಕದಲ್ಲಿ ಇರೋದು ನಿಜವಾದರೆ ಮಗು ಅಪಾಯದಲ್ಲಿತ್ತು. ಸುಳ್ಳಾದರೆ, ಅದನ್ನ ಸುಳ್ಳು ಅಂತ ನನಗೆ ತೋರಿಸೋರು ಯಾರೂ ಇಲ್ಲ" ಅಂದಳು. ಮಗು ಆ ದಂಪತಿ ಹತ್ತಿರವೇ ಇರಲಿ, ತಿಂಗಳಿಗೊಮ್ಮೆ ಆಫೀಸಿನಲ್ಲಿ ಭೇಟಿ ಆಗಬಹುದು ಅಂತ ಹೇಳಿದಳು. ರಶಾನ್ ಹೊರಗಿನ ಮೆಟ್ಟಿಲ ಮೇಲೆ ಕೂತು ಸೂಟಿನ ತೋಳಲ್ಲೇ ಮೂಗು ಒರೆಸಿಕೊಂಡ.

ಕೋರ್ಟಿನ ಸುದ್ದಿ ಬೀದಿಗೆ ಬಂದ ಮೇಲೆ ಪುಸ್ತಕಕ್ಕೆ ಇನ್ನೂ ಜೋರು ಗಿರಾಕಿ. ನಾನು ಉಳಿದಿದ್ದನ್ನೆಲ್ಲ ಡಬ್ಬಕ್ಕೆ ತುಂಬಿ ಮೇಜಿನ ಕೆಳಗೆ ತಳ್ಳಿದೆ. "ಮಗೂನ ಕಿತ್ಕೊಂಡ ಆ ಪುಸ್ತಕ ಇದೆಯಾ?" ಅಂತ ಹಲ್ಲು ಕಿರಿದುಕೊಂಡು ಕೇಳಿದ ಒಬ್ಬಳಿಗೆ ಎಂಥ ಬೈಗುಳ ಬೈದೆ ಅಂದರೆ, ಸಾಕ್ಸಿನವನು ಎದ್ದುಬಂದು ನನ್ನ ಕೈ ಹಿಡಿದುಕೊಂಡ.

ಆದರೂ ಒಂದು ದಾರಿ ಉಳಿದಿತ್ತು. ಅಪೀಲು. ಹೊಸ ವಕೀಲಳೊಬ್ಬಳು, ಗಟ್ಟಿಗಿತ್ತಿ, ಕೇಸು ಓದಿ ಧೈರ್ಯ ಹೇಳಿದಳು. "ಬೆನ್ನುಡಿ ಅನ್ನೋದು ಜಾಹೀರಾತು. ಜಾಹೀರಾತನ್ನ ಸಾಕ್ಷಿ ಅಂತ ತಗೊಂಡಿದ್ದು ತಪ್ಪು. ಅದನ್ನ ತೆಗೆದುಹಾಕಿದ್ರೆ ಅವರ ಹತ್ರ ಏನೂ ಉಳಿಯಲ್ಲ, ನಾವು ಗೆಲ್ತೀವಿ. ಒಂದೇ ಮಾತು ನೆನಪಿಟ್ಕೊಳ್ಳಿ ವರ್ನೀತಾ. ಭೇಟಿ ಕೋಣೆಯಲ್ಲಿ ಆ ಪುಸ್ತಕದ ಬಗ್ಗೆ ಬಾಯಿ ಬಿಡಬೇಡಿ. ಅಲ್ಲಿ ಆಡಿದ್ದೆಲ್ಲ ಬರ್ಕೊಂಡು ಜಡ್ಜಿಗೆ ಕಳಿಸ್ತಾರೆ."

ಮೊದಲ ಭೇಟಿಗೆ ನಾನೂ ಜೊತೆಗೆ ಹೋದೆ, ಬಸ್ಸಿನಲ್ಲಿ. ವರ್ನೀತಾ ಮಡಿಲಲ್ಲಿ ಕೇಕಿನ ಡಬ್ಬಿ. ಕಿಟಕಿಯಿಲ್ಲದ ಕೋಣೆ, ಬಣ್ಣ ಹೋದ ಆಟದ ಸಾಮಾನು. ಮೂಲೆಯಲ್ಲಿ ಕುರ್ಚಿ ಹಾಕ್ಕೊಂಡು ಟಿಸ್ಡೇಲ್ ಕೂತಿದ್ದಳು, ತೊಡೆಯ ಮೇಲೆ ಕಾಗದ. ನಮ್ಮನ್ನ ನೋಡಿ ತಲೆ ತಗ್ಗಿಸಿದಳು.

ಕಿಯೋನಾ ಓಡಿಬಂದು ಮಮ್ಮಿಯ ಸೊಂಟಕ್ಕೆ ತಲೆ ಹುದುಗಿಸಿದಳು. ತುಂಬ ಹೊತ್ತು ಬಿಡಲೇ ಇಲ್ಲ. ತಲೆಗೂದಲನ್ನ ಯಾರೋ ಬಾಚೋಕೆ ಬರದವರು ಬಾಚಿದ್ದರು, ಜಡೆ ಒಂದು ಮೇಲೆ ಒಂದು ಕೆಳಗೆ. ವರ್ನೀತಾ ಬಿಚ್ಚಿ, ಬೈತಲೆ ತೆಗೆದು, ಹೊಸದಾಗಿ ಹೆಣೆಯೋಕೆ ಶುರು ಮಾಡಿದಳು. ಕೇಕು ತಿಂತಾ ಮಗು ಕೇಳಿತು:

"ಮಮ್ಮಿ, ನೀನು ಕೆಟ್ಟ ಕೆಲಸ ಮಾಡಿದ್ಯಾ?"

ವರ್ನೀತಾಳ ಕೈ ನಿಂತುಹೋಯಿತು. "ಯಾರು ಹೇಳಿದ್ದು ಕಂದ?"

"ಆ ಮನೆ ಆಂಟಿ ಅಂಕಲ್‌ಗೆ ಹೇಳ್ತಿದ್ರು. ಮಾಡಿ ಒಪ್ಕೊಳ್ತಿಲ್ಲ ಅಂತೆ. ಅದಕ್ಕೇ ನಾನು ಅಲ್ಲಿರಬೇಕಂತೆ."

"ನಾನು ಏನೂ ಮಾಡಿಲ್ಲ ಪುಟ್ಟಾ."

"ಮಾಡಿದ್ರೂ ಪರವಾಗಿಲ್ಲ ಮಮ್ಮಿ." ಮಗು ತಿರುಗಿ ಅವಳ ಕೆನ್ನೆಗೆ ಕೇಕು ಮೆತ್ತಿದ ಕೈ ಇಟ್ಟಿತು. "ನಾನು ಅವರ ಲೋಟ ಒಡೆದುಬಿಟ್ಟೆ. ನಾನಲ್ಲ ಅಂದೆ, ಬೈದ್ರು. ಆಮೇಲೆ ಸಾರಿ ಅಂದೆ, ಆಯ್ತು ಬಿಡು ಅಂದ್ರು. ನೀನೂ ಸಾರಿ ಅನ್ನು. ಆಗ ಮನೆಗೆ ಹೋಗಬಹುದು."

"ಕಂದ, ಅದು ಹಾಗಲ್ಲ..."

"ಅನ್ನು ಮಮ್ಮಿ! ಮಿಸ್ ಟಿಸ್ಡೇಲ್ ಅಲ್ಲೇ ಇದ್ದಾರೆ. ಒಂದೇ ಸಲ ಅನ್ನು." ಮಗು ಕಣ್ಣಲ್ಲಿ ನೀರು ತುಂಬಿಕೊಂಡು ಮಮ್ಮಿಯ ಸ್ಕರ್ಟು ಹಿಡಿದು ಜಗ್ಗಿತು. "ನಿಂಗೆ ನಾನು ಬೇಡ್ವಾ?"

ನಾನು ವರ್ನೀತಾಳ ಮೊಣಕೈ ಹಿಡಿದುಕೊಂಡೆ, ಗಟ್ಟಿಯಾಗಿ. "ವರ್ನೀತಾ, ಬೇಡ ಕಣೇ. ವಕೀಲಮ್ಮ ಏನು ಹೇಳಿದ್ದಾಳೆ ನೆನಪಿದೆ ತಾನೆ. ಬಾಯಿ ಮುಚ್ಕೊಂಡಿರು, ನಿನ್ನ ಕಾಲಿಗೆ ಬೀಳ್ತೀನಿ."

ಅವಳು ನನ್ನ ಕೈ ಬಿಡಿಸಿಕೊಂಡಳು. ಎದ್ದು ನಿಂತು, ಸ್ಕರ್ಟು ನೀಟು ಮಾಡಿಕೊಂಡಳು. ಇಷ್ಟು ದಿನ ಕೋರ್ಟಿನಲ್ಲಿ, ವಕೀಲರ ಮುಂದೆ, ದೇವರ ಮುಂದೆ ಇಲ್ಲ ಇಲ್ಲ ಅಂತಲೇ ನಿಂತಿದ್ದ ಹೆಂಗಸು.

"ಸಾರಿ ಮಿಸ್ ಟಿಸ್ಡೇಲ್" ಅಂದಳು. "ನಾನೇ ಮಾಡಿದ್ದು."

ಟಿಸ್ಡೇಲ್ ಕುರ್ಚಿಯಿಂದ ಅರ್ಧ ಎದ್ದಳು. "ಆಂಟಿ, ಬೇಡ. ದಯವಿಟ್ಟು ಹಾಗೆ ಹೇಳಬೇಡಿ. ನಾನು ಬರ್ಕೋಬೇಕಾಗತ್ತೆ."

"ಬರ್ಕೋ. ಪುಸ್ತಕದಲ್ಲಿರೋದೆಲ್ಲ ನಾನೇ ಮಾಡಿದ್ದು. ತಪ್ಪಾಯ್ತು. ಸಾರಿ." ಹೇಳ್ತಾ ಇದ್ದಿದ್ದು ಟಿಸ್ಡೇಲ್‌ಗೆ, ನೋಡ್ತಾ ಇದ್ದಿದ್ದು ಮಗುವನ್ನ.

ಆ ಹುಡುಗಿ ಅಳ್ತಾನೇ ಬರೆದಳು. ಬರೆಯದೇ ಬಿಟ್ಟಿದ್ದರೆ ಅವಳ ಕೆಲಸ ಹೋಗ್ತಿತ್ತು, ಬರೆದಿದ್ದಕ್ಕೆ ನಮ್ಮ ಅಪೀಲು ಬಿದ್ದುಹೋಯಿತು. ನಾನು ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ ಕೈ ಕೈ ಹಿಸುಕಿಕೊಂಡೆ.

ಕಿಯೋನಾ ಕಣ್ಣೊರೆಸಿಕೊಂಡಳು. ಮುಖ ತುಂಬಾ ನಗು. ಗೋಡೆಯ ಗೂಟಕ್ಕೆ ತೂಗುಹಾಕಿದ್ದ ಕೋಟನ್ನ ಎಟುಕಿಸಿ ಇಳಿಸಿಕೊಂಡು, ಒಂದೊಂದೇ ಗುಂಡಿ ಹಾಕಿಕೊಂಡು, ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ನಿಂತಳು.

"ಬಾ ಮಮ್ಮಿ" ಅಂದಳು, "ಬಸ್ಸು ಹೋಗಿಬಿಡತ್ತೆ."